ಹತ್ತಿರದ ಊರಿಗೆ ಜಾಸ್ತಿ ಬಾಡಿಗೆ: ಗಿಲ್ಮನ್‌ನ ಒಂದು ವ್ಯಾಗನ್ ಮತ್ತು ಅಮೆರಿಕದ ಮೊದಲ ಕೇಂದ್ರ ರೈಲು ನಿಯಂತ್ರಣ ಕಾನೂನು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಂದೇ ರೈಲು ದಾರಿಯ ಮೇಲೆ ಎರಡು ಊರುಗಳಿವೆ. ಪಶ್ಚಿಮದಲ್ಲಿ ಪಿಯೋರಿಯಾ, ಅಲ್ಲಿಂದ 86 ಮೈಲಿ ಪೂರ್ವಕ್ಕೆ ಗಿಲ್ಮನ್. ಎರಡೂ ಕಡೆಯಿಂದ ನ್ಯೂಯಾರ್ಕಿಗೆ ಒಂದೊಂದು ವ್ಯಾಗನ್ ಸರಕು ಹೊರಟಿತು. ಪಿಯೋರಿಯಾದ ವ್ಯಾಗನ್‌ನಲ್ಲಿ ಎಣ್ಣೆ ಹಿಂಡಿ ಇತ್ತು, ಗಿಲ್ಮನ್‌ನದರಲ್ಲಿ ಮೆಕ್ಕೆಜೋಳ. ರೈಲು ಕಂಪನಿಯ ಲೆಕ್ಕದಲ್ಲಿ ಎರಡೂ ಒಂದೇ ದರ್ಜೆಯ ಸರಕು. ತೂಕವೂ ಒಂದೇ, 26,000 ಪೌಂಡ್. ಅಂದರೆ ಹತ್ತಿರ ಹತ್ತಿರ 12 ಟನ್.

ಪಿಯೋರಿಯಾದ ವ್ಯಾಪಾರಿಗೆ 100 ಪೌಂಡಿಗೆ 15 ಸೆಂಟ್‌ನಂತೆ 39 ಡಾಲರ್ ಬಾಡಿಗೆ ಬಿತ್ತು. ಗಿಲ್ಮನ್‌ನವರಿಗೆ 25 ಸೆಂಟ್‌ನಂತೆ 65 ಡಾಲರ್. ಗಿಲ್ಮನ್ ನ್ಯೂಯಾರ್ಕಿಗೆ 86 ಮೈಲಿ ಹತ್ತಿರ. ಪಿಯೋರಿಯಾದಿಂದ ಬಂದ ಸರಕು ಗಿಲ್ಮನ್ ದಾಟಿಯೇ ಮುಂದೆ ಹೋಗಬೇಕು. ಆದರೂ ಹತ್ತಿರದವರು 26 ಡಾಲರ್ ಜಾಸ್ತಿ ಕೊಟ್ಟರು.

ಈ 26 ಡಾಲರ್‌ನಿಂದ ಶುರುವಾದ ಜಗಳ 1886ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ‘ವಾಬ್ಯಾಶ್, ಸೇಂಟ್ ಲೂಯಿಸ್ ಅಂಡ್ ಪೆಸಿಫಿಕ್ ರೈಲ್ವೆ ಕಂಪನಿ ವಿರುದ್ಧ ಇಲಿನಾಯ್’ ಎಂಬ ಆ ಪ್ರಕರಣದಲ್ಲಿ ಗೆದ್ದದ್ದು ರೈಲು ಕಂಪನಿ. ಆದರೆ ತೀರ್ಪು ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ, ಇಡೀ ದೇಶದ ರೈಲು ಕಂಪನಿಗಳಿಗೆ ಮೂಗುದಾರ ಹಾಕುವ ಮೊದಲ ಕೇಂದ್ರ ಕಾನೂನು ಬಂತು. ಗೆದ್ದ ಕಂಪನಿಯೇ ಯಾಕೆ ನಿಯಂತ್ರಣಕ್ಕೆ ದಾರಿ ಮಾಡಿಕೊಟ್ಟಿತು ಅನ್ನುವುದು ಈ ಪ್ರಕರಣದಲ್ಲಿ ನೋಡಬೇಕಾದ ವಿಷಯ.

ಬುಶೆಲ್‌ಗೆ ಐದೂವರೆ ಸೆಂಟ್

26 ಡಾಲರ್ ಈಗ ಚಿಲ್ಲರೆ ದುಡ್ಡು ಅನ್ನಿಸಬಹುದು. ಆದರೆ ಅಲ್ಲಿನ ರೈತ ಜೋಳವನ್ನು ಬುಶೆಲ್ ಲೆಕ್ಕದಲ್ಲಿ ಮಾರುತ್ತಿದ್ದ. ಒಂದು ಬುಶೆಲ್ ಮೆಕ್ಕೆಜೋಳ ಅಂದರೆ 56 ಪೌಂಡ್. 100 ಪೌಂಡಿಗೆ 10 ಸೆಂಟ್ ವ್ಯತ್ಯಾಸ ಅಂದರೆ ಬುಶೆಲ್‌ಗೆ ಐದೂವರೆ ಸೆಂಟ್‌ಗಿಂತ ಸ್ವಲ್ಪ ಜಾಸ್ತಿ. ಜೋಳದ ಬೆಲೆ ತೀರ್ಮಾನವಾಗುತ್ತಿದ್ದದ್ದು ದೂರದ ದೊಡ್ಡ ಮಾರುಕಟ್ಟೆಗಳಲ್ಲಿ. ಅಲ್ಲಿನ ಬೆಲೆಯಲ್ಲಿ ಬಾಡಿಗೆ ಕಳೆದು ಉಳಿದದ್ದೇ ರೈತನ ಕೈಗೆ. ಹಾಗಾಗಿ ಬಾಡಿಗೆ ಏರಿದರೆ ವ್ಯಾಪಾರಿ ಅದನ್ನು ನ್ಯೂಯಾರ್ಕಿನ ಗಿರಾಕಿಯ ತಲೆಗೆ ಕಟ್ಟುವ ಹಾಗಿರಲಿಲ್ಲ. ಕೊನೆಗೆ ಅದು ಬಂದು ಬೀಳುತ್ತಿದ್ದದ್ದು ಗಿಲ್ಮನ್ ಸುತ್ತಮುತ್ತ ಹೊಲ ಉಳುತ್ತಿದ್ದವರ ಮೇಲೆ.

ಅದೇ ಇಲಿನಾಯ್‌ನಲ್ಲಿ ಧಾನ್ಯದ ಗೋದಾಮಿನವರು ಬುಶೆಲ್‌ಗೆ 2 ಸೆಂಟ್ ಮೀರಿ ಬಾಡಿಗೆ ತೆಗೆದುಕೊಂಡರು ಅಂತ ಸುಪ್ರೀಂ ಕೋರ್ಟಿನವರೆಗೆ ಕೇಸು ಹೋಗಿತ್ತು. ಆ ಕಥೆ ಮುಂದೆ ಬರುತ್ತದೆ. ಸೆಂಟಿನ ಲೆಕ್ಕಕ್ಕೆ ಆ ಜನ ಎಷ್ಟು ತಲೆ ಕೆಡಿಸಿಕೊಂಡಿದ್ದರು ಅನ್ನುವುದಕ್ಕೆ ಈಗ ಅಷ್ಟು ಸಾಕು.

ಕಂಪನಿ ಹೀಗೆ ಯಾಕೆ ಮಾಡಿತು?

ಸುಮ್ನೆ ದುರಾಸೆ ಅಂದುಬಿಟ್ಟರೆ ವಿಷಯ ಅರ್ಥವಾಗುವುದಿಲ್ಲ. ರೈಲಿನ ಖರ್ಚಿನ ಸ್ವಭಾವವೇ ಬೇರೆ. ಹಳಿ, ಸೇತುವೆ, ನಿಲ್ದಾಣ, ಎಂಜಿನ್ ಎಲ್ಲಕ್ಕೂ ಮೊದಲೇ ದೊಡ್ಡ ಸಾಲ ಮಾಡಿ ಹಣ ಹಾಕಿಯಾಗಿರುತ್ತದೆ. ಗಾಡಿ ಓಡಿದರೂ ಓಡದಿದ್ದರೂ ಆ ಸಾಲದ ಬಡ್ಡಿ ಕಟ್ಟಲೇಬೇಕು. ಹೊರಡಲು ನಿಂತ ಗಾಡಿಗೆ ಇನ್ನೊಂದು ವ್ಯಾಗನ್ ಸೇರಿಸಿದರೆ ಹೆಚ್ಚಾಗುವ ಖರ್ಚು ತೀರಾ ಕಡಿಮೆ. ಹಾಗಾಗಿ ಪೈಪೋಟಿ ಇರುವ ಕಡೆ ಕಂಪನಿ ಎಷ್ಟು ಕಡಿಮೆ ದರಕ್ಕಾದರೂ ಸರಕು ಹಿಡಿಯುತ್ತಿತ್ತು. ಖಾಲಿ ಹೋಗುವುದಕ್ಕಿಂತ ಅಷ್ಟಾದರೂ ಬರಲಿ ಅನ್ನುವ ಲೆಕ್ಕ. ಆ ಬಡ್ಡಿಯ ಹೊರೆಯನ್ನು ಪೈಪೋಟಿ ಇಲ್ಲದ ಊರುಗಳ ಮೇಲೆ ಹಾಕುತ್ತಿತ್ತು.

ಪಿಯೋರಿಯಾ ಇಲಿನಾಯ್ ನದಿಯ ದಡದ ಊರು. ಅಲ್ಲಿಂದ ದೋಣಿಯಲ್ಲಿ ಸರಕು ಸಾಗಿಸಿ, ಕಾಲುವೆಯ ಮೂಲಕ ಮಿಷಿಗನ್ ಸರೋವರ ಸೇರಿಸಬಹುದಿತ್ತು. ರೈಲು ಕಂಪನಿಗಳೂ ಅಲ್ಲಿ ಹಲವು. ಗಿಲ್ಮನ್ ಸಣ್ಣ ಊರು, ನದಿಯ ಅನುಕೂಲವಿಲ್ಲ, ಬೇರೆ ದಾರಿಯ ಆಯ್ಕೆಯೂ ಕಡಿಮೆ. ದೂರದ ಊರಿಗೆ ಅಗ್ಗದ ದರ, ಹತ್ತಿರದ ಊರಿಗೆ ಜಾಸ್ತಿ ದರ ಅನ್ನುವ ಈ ಪದ್ಧತಿ ಆಗ ದೇಶದ ತುಂಬ ಇತ್ತು.

ಪೈಪೋಟಿ ಅತಿಯಾದಾಗ ಕಂಪನಿಗಳಿಗೂ ಉಸಿರು ಕಟ್ಟುತ್ತಿತ್ತು. ಪೂರ್ವ ಕರಾವಳಿಗೆ ಹೋಗುವ ದೊಡ್ಡ ಕಂಪನಿಗಳಾದ ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಸೆಂಟ್ರಲ್, ಈರಿ, ಬಾಲ್ಟಿಮೋರ್ ಅಂಡ್ ಓಹಾಯೋ 1870ರ ದಶಕದಲ್ಲಿ ಮತ್ತೆ ಮತ್ತೆ ದರದ ಯುದ್ಧಕ್ಕೆ ಇಳಿದವು. ಸುಸ್ತಾದ ಮೇಲೆ ಕೂತು ಮಾತಾಡಿ, ಸರಕನ್ನು ಪಾಲು ಹಂಚಿಕೊಂಡು, ದರ ಕಟ್ಟಿಕೊಂಡವು. 1877ರಲ್ಲಿ ಆಲ್ಬರ್ಟ್ ಫಿಂಕ್ ಎಂಬ ಎಂಜಿನಿಯರ್ ಇಂಥ ಒಂದು ಒಕ್ಕೂಟದ ಮುಖ್ಯಸ್ಥರಾದರು. ಆದರೆ ಒಪ್ಪಂದದ ಶಾಯಿ ಆರುವ ಮೊದಲೇ ಯಾರೋ ಒಬ್ಬರು ಗುಟ್ಟಾಗಿ ದರ ಇಳಿಸುತ್ತಿದ್ದರು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಾಗೂ ಇರಲಿಲ್ಲ, ಯಾಕೆಂದರೆ ಅಂಥ ಒಪ್ಪಂದಗಳಿಗೆ ಕಾನೂನಿನ ಬಲವಿರಲಿಲ್ಲ.

ಗುಟ್ಟು ಅನ್ನುವುದನ್ನು ಇಲ್ಲಿ ಒತ್ತಿ ಹೇಳಬೇಕು. ಸಾಗಣೆ ದರ ಊರಿಂದ ಊರಿಗೆ ಮಾತ್ರವಲ್ಲ, ಗಿರಾಕಿಯಿಂದ ಗಿರಾಕಿಗೂ ಬದಲಾಗುತ್ತಿತ್ತು. ರಾಕ್‌ಫೆಲರ್ ಅವರ ಸ್ಟಾಂಡರ್ಡ್ ಆಯಿಲ್ ಥರದ ದೊಡ್ಡ ಗಿರಾಕಿಗಳಿಗೆ ಕಟ್ಟಿದ ಬಾಡಿಗೆಯಲ್ಲಿ ಒಂದು ಪಾಲು ಸದ್ದಿಲ್ಲದೆ ವಾಪಸ್ ಬರುತ್ತಿತ್ತು. 1879ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸಕರ ಸಮಿತಿಯೊಂದು, ಹೆಪ್ಬರ್ನ್ ಎಂಬುವರ ಅಧ್ಯಕ್ಷತೆಯಲ್ಲಿ, ರೈಲು ಕಂಪನಿಗಳ ಕಡತ ತೆರೆಸಿದಾಗ ಇಂಥ ವಿಶೇಷ ದರದ ಒಪ್ಪಂದಗಳು ಸಾವಿರಗಟ್ಟಲೆ ಸಿಕ್ಕವು. ಪಕ್ಕದ ಅಂಗಡಿಯವ ಎಷ್ಟು ಕೊಡುತ್ತಿದ್ದಾನೆ ಅಂತ ಗೊತ್ತಿಲ್ಲದೆ ವ್ಯಾಪಾರ ಮಾಡುವುದು ಹೇಗೆ? ನನ್ನ ಪ್ರಕಾರ ಆ ಕಾಲದ ನಿಜವಾದ ಅನ್ಯಾಯ ದರ ಜಾಸ್ತಿ ಇದ್ದದ್ದಲ್ಲ, ದರ ಎಷ್ಟು ಅಂತ ತಿಳಿಯುವ ದಾರಿಯೇ ಇಲ್ಲದ್ದು.

ರೈತರು ಕಾನೂನು ಮಾಡಿಸಿದ್ದು

ನಮ್ಮಲ್ಲಿ ರೈಲು ಅಂದರೆ ಸರ್ಕಾರದ್ದು ಅಂತ ರೂಢಿಯಾಗಿದೆ. ಅಮೆರಿಕದಲ್ಲಿ ರೈಲು ಬೆಳೆದದ್ದು ಖಾಸಗಿ ಕಂಪನಿಗಳಿಂದ. ಆದರೆ ಸರ್ಕಾರದ ನೆರವು ಧಾರಾಳವಾಗಿತ್ತು. 1850ರಲ್ಲಿ ಇಲಿನಾಯ್ ಸೆಂಟ್ರಲ್ ಕಂಪನಿಗಾಗಿ ಕೊಟ್ಟ ಸರ್ಕಾರಿ ಜಮೀನು 25 ಲಕ್ಷ ಎಕರೆಗೂ ಜಾಸ್ತಿ. ಎಷ್ಟೋ ಊರಿನವರು ತಮ್ಮೂರಿಗೆ ರೈಲು ಬರಲಿ ಅಂತ ಸಾಲಪತ್ರ ಹೊರಡಿಸಿ ಕಂಪನಿಗೆ ದುಡ್ಡು ಕೊಟ್ಟಿದ್ದರು. 1860ರಲ್ಲಿ ಸುಮಾರು 30,000 ಮೈಲಿ ಇದ್ದ ಹಳಿ 1880ರ ಹೊತ್ತಿಗೆ 90,000 ಮೈಲಿ ದಾಟಿತ್ತು. ರೈಲು ಬಂದರೆ ಉದ್ಧಾರ ಆಗುತ್ತೇವೆ ಅಂದುಕೊಂಡಿದ್ದ ಜನಕ್ಕೆ, ಬಂದ ರೈಲು ತಮ್ಮನ್ನೇ ಹಿಂಡುತ್ತಿದೆ ಅನ್ನಿಸಿದಾಗ ಸಿಟ್ಟು ಬರುವುದು ಸಹಜ ಅಲ್ವಾ?

ಆ ಸಿಟ್ಟಿಗೆ ಒಂದು ಸಂಘಟನೆ ಸಿಕ್ಕಿತು. 1867ರಲ್ಲಿ ಕೇಂದ್ರ ಕೃಷಿ ಇಲಾಖೆಯ ಗುಮಾಸ್ತ ಆಲಿವರ್ ಕೆಲ್ಲಿ ಮತ್ತು ಗೆಳೆಯರು ಕಟ್ಟಿದ ರೈತರ ಸಂಘಕ್ಕೆ ಜನ ‘ಗ್ರೇಂಜ್’ ಅನ್ನುತ್ತಿದ್ದರು. ರೈತ ಕುಟುಂಬಗಳು ಕಲೆಯಲಿ, ಕಲಿಯಲಿ ಅನ್ನುವುದು ಮೊದಲಿನ ಉದ್ದೇಶ. 1873ರ ಆರ್ಥಿಕ ಕುಸಿತದ ಹೊತ್ತಿಗೆ ಅದರ ಸಭೆಗಳಲ್ಲಿ ರೈಲು ಬಾಡಿಗೆಯ ಮಾತೇ ಮಾತು. ಹಾಗಂತ ಈ ಚಳವಳಿ ರೈತರದ್ದು ಮಾತ್ರ ಅಂದುಕೊಳ್ಳಬಾರದು. ಸಣ್ಣ ಊರಿನ ವ್ಯಾಪಾರಿಗಳು, ಗಿಲ್ಮನ್‌ನ ಜೋಳದ ವರ್ತಕರಂಥವರು, ಅಷ್ಟೇ ಜೋರಾಗಿ ದನಿ ಎತ್ತಿದ್ದರು.

ಇಲಿನಾಯ್ 1870ರಲ್ಲಿ ತನ್ನ ಹೊಸ ಸಂವಿಧಾನದಲ್ಲೇ ರೈಲು ಮತ್ತು ಗೋದಾಮುಗಳ ಬಗ್ಗೆ ಬರೆದುಕೊಂಡಿತು. 1871ರಲ್ಲಿ ಕಾನೂನು ಬಂತು. ಬಂದ ಕೂಡಲೇ ಪೆಟ್ಟು ಬಿತ್ತು. ಶಿಕಾಗೋದಿಂದ ಮರದ ದಿಮ್ಮಿ ಸಾಗಿಸಲು ಹತ್ತಿರದ ಲೆಕ್ಸಿಂಗ್ಟನ್‌ಗೆ ಜಾಸ್ತಿ, ದೂರದ ಬ್ಲೂಮಿಂಗ್ಟನ್‌ಗೆ ಕಡಿಮೆ ದರ ಹಾಕಿದ್ದ ಪ್ರಕರಣದಲ್ಲಿ, 1873ರ ಆರಂಭದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಂಪನಿಯ ಪರ ನಿಂತಿತು. ದರದಲ್ಲಿ ವ್ಯತ್ಯಾಸ ಇದ್ದ ಮಾತ್ರಕ್ಕೆ ಅನ್ಯಾಯ ಅಂತ ಕಾನೂನು ತೀರ್ಮಾನಿಸಿಬಿಡುವ ಹಾಗಿಲ್ಲ, ಕಂಪನಿಗೆ ಕಾರಣ ಹೇಳುವ ಅವಕಾಶ ಕೊಡಬೇಕು ಅಂತ ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಲಾರೆನ್ಸ್ ಬರೆದರು. ಅಲ್ಲಿ ನ್ಯಾಯಮೂರ್ತಿಗಳನ್ನೂ ಜನರೇ ಆರಿಸುತ್ತಿದ್ದರು. ಕೆಲವೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ರೈತರು ಒಗ್ಗಟ್ಟಾಗಿ ಲಾರೆನ್ಸ್ ಅವರನ್ನು ಸೋಲಿಸಿದರು.

ನ್ಯಾಯಮೂರ್ತಿಯನ್ನು ತೀರ್ಪಿನ ಕಾರಣಕ್ಕೆ ಮನೆಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಆ ತೀರ್ಪಿನಲ್ಲಿ ಕಾನೂನನ್ನು ತಿದ್ದಿಕೊಳ್ಳುವ ದಾರಿಯೂ ಇತ್ತು. ಶಾಸಕರು ಅದನ್ನೇ ಹಿಡಿದರು. 1873ರ ಮೇ ತಿಂಗಳ ಹೊಸ ಕಾನೂನು ಇನ್ನೂ ಜಾಣತನದಿಂದ ಕೂಡಿತ್ತು. ಕಡಿಮೆ ದೂರಕ್ಕೆ ಜಾಸ್ತಿ ಬಾಡಿಗೆ ತೆಗೆದುಕೊಂಡರೆ ಮೇಲ್ನೋಟಕ್ಕೆ ಅದು ತಾರತಮ್ಯ, ಅಲ್ಲ ಅನ್ನುವುದಾದರೆ ಕಂಪನಿಯೇ ಸಾಬೀತು ಮಾಡಲಿ. ತಪ್ಪು ಸಾಬೀತಾದರೆ ದೊಡ್ಡ ದಂಡ. ಗಿಲ್ಮನ್‌ನ ವ್ಯಾಗನ್ ಕೋರ್ಟಿಗೆ ಹೋದದ್ದು ಈ ಕಾನೂನಿನ ಮೇಲೆ.

ಅಷ್ಟರಲ್ಲಿ ಇನ್ನೊಂದು ದೊಡ್ಡ ತೀರ್ಪು ಬಂದಿತ್ತು. ಶಿಕಾಗೋದಲ್ಲಿ ರೈಲಿನಿಂದ ಇಳಿದ ಧಾನ್ಯವೆಲ್ಲ ‘ಎಲಿವೇಟರ್’ ಎಂಬ ಎತ್ತರದ ಗೋದಾಮುಗಳಿಗೆ ಹೋಗುತ್ತಿತ್ತು. ಅಂಥವು ಊರಲ್ಲಿ 14, ನಡೆಸುತ್ತಿದ್ದವರು ಒಂಬತ್ತು ಸಂಸ್ಥೆಗಳು. ಪ್ರತಿ ವರ್ಷ ಅವರೆಲ್ಲ ಸೇರಿ ದರ ಕಟ್ಟುತ್ತಿದ್ದರು. ರಾಜ್ಯದ ಕಾನೂನು ಮೊದಲ 30 ದಿನಕ್ಕೆ ಬುಶೆಲ್‌ಗೆ 2 ಸೆಂಟ್ ಮೀರಬಾರದು ಅಂದಿತ್ತು. ಮನ್ ಅಂಡ್ ಸ್ಕಾಟ್ ಎಂಬ ಸಂಸ್ಥೆ ಪರವಾನಗಿಯನ್ನೂ ತೆಗೆದುಕೊಳ್ಳಲಿಲ್ಲ, ದರವನ್ನೂ ಇಳಿಸಲಿಲ್ಲ. 100 ಡಾಲರ್ ದಂಡ ಬಿತ್ತು. ನಮ್ಮ ಸ್ವಂತ ಆಸ್ತಿಯ ಬಾಡಿಗೆ ನಿರ್ಧರಿಸಲು ಸರ್ಕಾರ ಯಾರು ಅಂತ ಅವರು ದೇಶದ ಸುಪ್ರೀಂ ಕೋರ್ಟಿಗೆ ಹೋದರು.

1877ರ ಮಾರ್ಚ್ 1ರಂದು ಮುಖ್ಯ ನ್ಯಾಯಮೂರ್ತಿ ಮಾರಿಸನ್ ವೇಟ್ ಏಳು–ಎರಡು ಬಹುಮತದ ತೀರ್ಪು ಓದಿದರು. ಅವರು 17ನೇ ಶತಮಾನದ ಇಂಗ್ಲಿಷ್ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಬಂದರುಗಳ ಬಗ್ಗೆ ಬರೆದದ್ದನ್ನು ಹುಡುಕಿ ತೆಗೆದಿದ್ದರು. ರಾಜನ ಪರವಾನಗಿ ಪಡೆದ ಒಂದೇ ಒಂದು ಕಟ್ಟೆ ಬಂದರಿನಲ್ಲಿದ್ದರೆ, ಎಲ್ಲರೂ ಅಲ್ಲಿಗೇ ಬರಬೇಕಾದರೆ, ಅದರ ಒಡೆಯ ಮನಸ್ಸಿಗೆ ಬಂದಷ್ಟು ಕೇಳುವ ಹಾಗಿಲ್ಲ ಅನ್ನುವುದು ಹೇಲ್ ಅವರ ಮಾತು. ಎಲ್ಲರ ಬದುಕು ಅವಲಂಬಿಸಿದ ವ್ಯವಹಾರಕ್ಕೆ ಕೈಹಾಕಿದವನು ಸಾರ್ವಜನಿಕರ ಹಿಡಿತಕ್ಕೆ ಅಷ್ಟರ ಮಟ್ಟಿಗೆ ಒಳಪಡಬೇಕು ಅಂತ ವೇಟ್ ಹೇಳಿದರು. ಅದೇ ದಿನ ರೈಲು ಕಂಪನಿಗಳ ಕೇಸುಗಳಲ್ಲೂ ರಾಜ್ಯಗಳೇ ಗೆದ್ದವು. ಹೊರರಾಜ್ಯಕ್ಕೆ ಹೋಗುವ ಸರಕಿನ ಮೇಲೂ, ಕೇಂದ್ರ ಕಾನೂನು ಬರುವವರೆಗೆ, ರಾಜ್ಯ ನಿಯಮ ಮಾಡಬಹುದು ಅನ್ನುವ ಮಾತೂ ಅಲ್ಲಿತ್ತು. ಇಲಿನಾಯ್‌ಗೆ ಇನ್ನೇನು ಬೇಕು?

ಪ್ರಯಾಣ ಒಂದೇ, ರಾಜ್ಯ ಹಲವು

ವಾಬ್ಯಾಶ್ ಕಂಪನಿಯನ್ನು 1879ರಲ್ಲಿ ಕಟ್ಟಿದ್ದು ಶೇರು ವ್ಯವಹಾರದಲ್ಲಿ ಹೆಸರಾದ ಜೇ ಗೌಲ್ಡ್. 1884ರ ಹೊತ್ತಿಗೆ ಅದು ಸಾಲದಲ್ಲಿ ಮುಳುಗಿ ಕೋರ್ಟಿನ ಉಸ್ತುವಾರಿಗೆ ಹೋಗಿತ್ತು. ಕೇಸು ಮಾತ್ರ ಮುಂದುವರಿಯಿತು. ರಾಜ್ಯದ ಕೋರ್ಟುಗಳಲ್ಲಿ ಕಂಪನಿ ಸೋತಿತು.

ಕಂಪನಿಯ ಮುಖ್ಯ ವಾದ ಸರಳವಾಗಿತ್ತು. ದರ ನ್ಯಾಯವೋ ಅನ್ಯಾಯವೋ ಆಮೇಲೆ ನೋಡೋಣ. ಗಿಲ್ಮನ್‌ನಿಂದ ರಾಜ್ಯದ ಗಡಿಗೆ ಇರುವುದು 23 ಮೈಲಿ, ಪಿಯೋರಿಯಾದಿಂದ 109 ಮೈಲಿ. ಉಳಿದ ಅಷ್ಟೂ ದಾರಿ ಬೇರೆ ರಾಜ್ಯಗಳಲ್ಲಿ. ಮಾಡಿಕೊಂಡದ್ದು ನ್ಯೂಯಾರ್ಕಿನವರೆಗಿನ ಒಂದೇ ಒಪ್ಪಂದ. ಅದರ ಮೇಲೆ ಇಲಿನಾಯ್‌ಗೆ ಏನು ಹಕ್ಕು?

1886ರ ಅಕ್ಟೋಬರ್ 25ರಂದು ಸುಪ್ರೀಂ ಕೋರ್ಟ್ ಆರು–ಮೂರು ಬಹುಮತದಿಂದ ಇದನ್ನು ಒಪ್ಪಿತು. ಬರೆದವರು ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಮಿಲ್ಲರ್. ಸರಕಿನ ಪ್ರಯಾಣ ಒಂದೇ, ಅದನ್ನು ರಾಜ್ಯಗಳ ಗಡಿಗೆ ತಕ್ಕಂತೆ ತುಂಡು ಮಾಡಲು ಬರುವುದಿಲ್ಲ ಅಂದರು. ದಾರಿಯಲ್ಲಿನ ಪ್ರತಿ ರಾಜ್ಯವೂ ತನ್ನದೇ ನಿಯಮ ಹಾಕಿದರೆ ದೇಶದ ವ್ಯಾಪಾರ ನಡೆಯುವುದು ಹೇಗೆ ಅಂತ ಕೇಳಿದರು. ಇಂಥ ನಿಯಮ ಬೇಕೆಂದರೆ ಅದು ಇಡೀ ದೇಶಕ್ಕೆ ಒಂದೇ ಆಗಿರಬೇಕು, ಅದನ್ನು ಮಾಡಬೇಕಾದದ್ದು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು. ಗಿಲ್ಮನ್‌ನವರಿಗೆ ಆದದ್ದು ಸರಿ ಅಂತ ಅವರು ಹೇಳಲಿಲ್ಲ. ಕೇಳಬೇಕಾದವರು ನೀವಲ್ಲ ಅಂತ ರಾಜ್ಯಕ್ಕೆ ಹೇಳಿದರು.

ನ್ಯಾಯಮೂರ್ತಿ ಜೋಸೆಫ್ ಬ್ರ್ಯಾಡ್ಲಿ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ವೇಟ್ ಅವರ ಜೊತೆಗಿದ್ದರು. ಕಾಂಗ್ರೆಸ್ ಸುಮ್ಮನಿರುವಾಗ ರಾಜ್ಯವೂ ಕೈಕಟ್ಟಿ ಕೂರಬೇಕೆಂದರೆ ಜನರನ್ನು ಕಾಯುವವರು ಯಾರೂ ಇರುವುದಿಲ್ಲ ಅನ್ನುವುದು ಅವರ ನಿಲುವು. ಎರಡೂ ತೀರ್ಪು ಓದಿದರೆ ನನಗೆ ಬ್ರ್ಯಾಡ್ಲಿ ಕಡೆಗೇ ಮನಸ್ಸು ವಾಲುತ್ತದೆ. ಇಲಿನಾಯ್ ಕೇಳಿದ್ದು ದೇಶದ ವ್ಯಾಪಾರವನ್ನು ತಡೆಯುವಂಥದ್ದೇನಲ್ಲ, ತನ್ನ ಒಂದು ಊರನ್ನು ಇನ್ನೊಂದು ಊರಿನಷ್ಟೇ ಚೆನ್ನಾಗಿ ನಡೆಸಿಕೊಳ್ಳಿ ಅಂತ ಮಾತ್ರ. ಆದರೆ ಪರಿಣಾಮದ ದೃಷ್ಟಿಯಿಂದ ಮಿಲ್ಲರ್ ಅವರ ತೀರ್ಪೇ ದೊಡ್ಡ ಕೆಲಸ ಮಾಡಿತು. ಅಲ್ಲಿಯವರೆಗೆ ರೈಲು ಕಂಪನಿಗಳು ಇದು ರಾಜ್ಯಗಳ ವಿಷಯವಲ್ಲ ಅಂತ ಕೋರ್ಟಿನಲ್ಲಿ ಹೇಳಿ, ಕಾಂಗ್ರೆಸ್ಸಿನಲ್ಲಿ ಕೇಂದ್ರ ಕಾನೂನು ಬೇಡ ಅಂತ ಹೇಳಿಕೊಂಡು ಬಂದಿದ್ದವು. ಮೊದಲ ವಾದ ಗೆದ್ದ ಮೇಲೆ ಎರಡನೆಯದಕ್ಕೆ ನೆಲೆಯೇ ಉಳಿಯಲಿಲ್ಲ. ದೇಶದ ಸರಕಿನ ದೊಡ್ಡ ಪಾಲು ಈಗ ಯಾರ ಹಿಡಿತದಲ್ಲೂ ಇಲ್ಲ ಅನ್ನುವುದು ಎಲ್ಲರಿಗೂ ಕಂಡುಬಿಟ್ಟಿತ್ತು.

1887ರ ಕಾನೂನು

ಮಸೂದೆ ಹೊಸದೇನಲ್ಲ. ಟೆಕ್ಸಾಸ್‌ನ ಜಾನ್ ರೇಗನ್ ವರ್ಷಗಟ್ಟಲೆ ಕೆಳಮನೆಯಲ್ಲಿ ಅದನ್ನು ತರುತ್ತಲೇ ಇದ್ದರು. ಸೆನೆಟ್‌ನಲ್ಲಿ ಶೆಲ್ಬಿ ಕಲಮ್ ಅವರ ಸಮಿತಿ 1886ರ ಜನವರಿಯಲ್ಲೇ ವರದಿ ಕೊಟ್ಟಿತ್ತು. ಕಲಮ್ ಇದೇ ಇಲಿನಾಯ್‌ನ ರಾಜ್ಯಪಾಲರಾಗಿದ್ದವರು. ರೇಗನ್ ಅವರಿಗೆ ಕಟ್ಟುನಿಟ್ಟಾದ ನಿಷೇಧ ಬೇಕಿತ್ತು, ಜಾರಿ ಕೋರ್ಟುಗಳ ಕೈಯಲ್ಲಿರಬೇಕಿತ್ತು. ಕಲಮ್ ಅವರಿಗೆ ವಿವೇಚನೆ ಬಳಸುವ ಒಂದು ಆಯೋಗ ಬೇಕಿತ್ತು. ರಾಜಿಯಾಯಿತು. 1887ರ ಫೆಬ್ರವರಿ 4ರಂದು ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಸಹಿ ಹಾಕಿದರು.

ದರಗಳು ನ್ಯಾಯವಾಗಿರಬೇಕು, ಗುಟ್ಟಾಗಿ ದುಡ್ಡು ವಾಪಸ್ ಕೊಡಬಾರದು, ಕಂಪನಿಗಳು ಸರಕನ್ನು ಪಾಲು ಹಂಚಿಕೊಳ್ಳಬಾರದು. ಯಾವುದೇ ಊರಿಗಾಗಲಿ ವ್ಯಕ್ತಿಗಾಗಲಿ ಸಲ್ಲದ ಪಕ್ಷಪಾತ ಮಾಡಬಾರದು. ಈ ಕೊನೆಯ ಮಾತು ಬ್ರಿಟನ್ನಿನ 1854ರ ರೈಲು ಕಾನೂನಿನಿಂದ ಬಂದದ್ದು, ಭಾರತದ 1890ರ ರೈಲ್ವೆ ಕಾಯ್ದೆಯೊಳಗೂ ಅದೇ ಬೇರಿನಿಂದ ಬಂತು. ಇದನ್ನೆಲ್ಲ ನೋಡಿಕೊಳ್ಳಲು ಐವರು ಸದಸ್ಯರ ಅಂತರರಾಜ್ಯ ವಾಣಿಜ್ಯ ಆಯೋಗ. ಒಂದೇ ಪಕ್ಷದವರು ಮೂವರಿಗಿಂತ ಜಾಸ್ತಿ ಇರುವ ಹಾಗಿಲ್ಲ. ಮೊದಲ ಅಧ್ಯಕ್ಷರು ಮಿಷಿಗನ್‌ನ ಹೆಸರಾಂತ ನ್ಯಾಯಾಧೀಶ ಥಾಮಸ್ ಕೂಲಿ.

ನನಗೆ ಇದರಲ್ಲಿ ಅತಿ ಮುಖ್ಯ ಅನ್ನಿಸುವುದು ಭಾಷಣಗಳಲ್ಲಿ ಜಾಗ ಪಡೆಯದ ಒಂದು ಕಲಮು. ದರಪಟ್ಟಿಯನ್ನು ಅಚ್ಚು ಹಾಕಿಸಿ, ನಿಲ್ದಾಣಗಳಲ್ಲಿ ಜನರಿಗೆ ಸಿಗುವಂತೆ ಇಡಬೇಕು. ಆಯೋಗಕ್ಕೂ ಪ್ರತಿ ಕೊಡಬೇಕು. ಏರಿಸುವುದಾದರೆ 10 ದಿನ ಮೊದಲೇ ತಿಳಿಸಬೇಕು. ಅಂದರೆ ಗಿಲ್ಮನ್‌ನ ವರ್ತಕ ಇನ್ನು ಮುಂದೆ ಜೋಳ ತುಂಬುವ ಮೊದಲೇ ತನ್ನೂರಿನ ದರ ಎಷ್ಟು, ಪಿಯೋರಿಯಾದ ದರ ಎಷ್ಟು ಅಂತ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಗಿಲ್ಮನ್‌ನ ಮೂಲ ದೂರಿಗೆ ಉತ್ತರ ಇದ್ದದ್ದು ನಾಲ್ಕನೇ ಕಲಮಿನಲ್ಲಿ. ಒಂದೇ ದಾರಿಯಲ್ಲಿ, ಒಂದೇ ದಿಕ್ಕಿನಲ್ಲಿ, ಕಡಿಮೆ ದೂರಕ್ಕೆ ಜಾಸ್ತಿ ಬಾಡಿಗೆ ಕೂಡದು. ಆದರೆ ಅದರ ಜೊತೆಗೆ ಒಂದು ಷರತ್ತು ಸೇರಿಕೊಂಡಿತು: ‘ಬಹುಮಟ್ಟಿಗೆ ಒಂದೇ ರೀತಿಯ ಸಂದರ್ಭ ಮತ್ತು ಸ್ಥಿತಿಗಳಲ್ಲಿ’. ಪಿಯೋರಿಯಾದಲ್ಲಿ ನದಿ ಇದೆ, ಗಿಲ್ಮನ್‌ನಲ್ಲಿ ಇಲ್ಲ. ಇದು ಒಂದೇ ರೀತಿಯ ಸ್ಥಿತಿಯೇ? ಆ ವರ್ಷವೇ ಕೂಲಿ ಅವರ ಆಯೋಗ, ನೀರಿನ ದಾರಿಯ ಪೈಪೋಟಿ ಇದ್ದರೆ ಸ್ಥಿತಿ ಬೇರೆ ಅಂತ ಒಪ್ಪಿತು. ಸ್ಥಿತಿ ಬೇರೆಯೋ ಅಲ್ಲವೋ ಅಂತ ಮೊದಲು ಕಂಪನಿಯೇ ತೀರ್ಮಾನಿಸಿಕೊಳ್ಳಬಹುದು ಅಂತಲೂ ಹೇಳಿತು. ಅಲ್ಲಿಗೆ ಬಾಗಿಲು ಅರ್ಧ ತೆರೆದಂತಾಯಿತು.

ಪೂರ್ತಿ ತೆರೆದದ್ದು 1897ರಲ್ಲಿ. ಅಲಬಾಮಾ ರಾಜ್ಯದ ಟ್ರಾಯ್ ಎಂಬ ಊರಿನ ವರ್ತಕರ ಮಂಡಳಿ ಗಿಲ್ಮನ್‌ನದೇ ದೂರು ತಂದಿತ್ತು. ಪೂರ್ವದಿಂದ ಬರುವ ಸರಕಿಗೆ ಟ್ರಾಯ್ 52 ಮೈಲಿ ಹತ್ತಿರ, ಮಾಂಟ್‌ಗಮರಿ ದೂರ, ಆದರೂ ಬಾಡಿಗೆ ಟ್ರಾಯ್‌ಗೇ ಜಾಸ್ತಿ. ಆಯೋಗ ಟ್ರಾಯ್ ಪರ ನಿಂತಿತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ರೈಲು ಕಂಪನಿಗಳ ನಡುವಿನ ಪೈಪೋಟಿಯೂ ಸ್ಥಿತಿಯನ್ನು ಬೇರೆ ಮಾಡುತ್ತದೆ ಅಂದಿತು. ಪೈಪೋಟಿ ಇರುವ ಕಡೆಯೇ ತಾನೆ ಕಂಪನಿಗಳು ದರ ಇಳಿಸುತ್ತಿದ್ದದ್ದು? ಅಲ್ಲಿಗೆ ನಾಲ್ಕನೇ ಕಲಮಿನಲ್ಲಿ ಉಳಿದದ್ದು ಬರೀ ಅಕ್ಷರ. ಒಬ್ಬಂಟಿಯಾಗಿ ಭಿನ್ನಮತ ಬರೆದ ನ್ಯಾಯಮೂರ್ತಿ ಜಾನ್ ಹಾರ್ಲನ್, ಇಂಥ ತೀರ್ಪುಗಳು ಆಯೋಗವನ್ನು ಕೆಲಸಕ್ಕೆ ಬಾರದ ಸಂಸ್ಥೆಯನ್ನಾಗಿ ಮಾಡುತ್ತಿವೆ ಅಂತ ನೇರವಾಗಿ ಹೇಳಿದರು. 1887ರಿಂದ 1905ರವರೆಗೆ ಸುಪ್ರೀಂ ಕೋರ್ಟಿಗೆ ಬಂದ 16 ದರ ಪ್ರಕರಣಗಳಲ್ಲಿ 15 ಕಂಪನಿಗಳ ಪರವಾಗಿ ಮುಗಿದವು.

ದೂರು ಮಾತ್ರ ನಿಲ್ಲಲಿಲ್ಲ. 1903ರ ಎಲ್ಕಿನ್ಸ್ ಕಾಯ್ದೆ ಪ್ರಕಟಿಸಿದ ದರಪಟ್ಟಿಯಿಂದ ಆಚೀಚೆ ಹೋಗುವುದನ್ನೇ ಅಪರಾಧ ಮಾಡಿತು. ಕೊಟ್ಟ ಕಂಪನಿಯೂ ತಪ್ಪಿತಸ್ಥ, ಗುಟ್ಟಾಗಿ ವಾಪಸ್ ತೆಗೆದುಕೊಂಡ ಗಿರಾಕಿಯೂ ತಪ್ಪಿತಸ್ಥ. 1906ರ ಹೆಪ್ಬರ್ನ್ ಕಾಯ್ದೆಯಿಂದ ದೂರು ಬಂದಾಗ ಗರಿಷ್ಠ ದರ ನಿಗದಿ ಮಾಡುವ ಅಧಿಕಾರ ಆಯೋಗಕ್ಕೆ ಸಿಕ್ಕಿತು. 1910ರ ಮ್ಯಾನ್–ಎಲ್ಕಿನ್ಸ್ ಕಾಯ್ದೆ ನಾಲ್ಕನೇ ಕಲಮನ್ನು ತೆರೆದು, ‘ಒಂದೇ ರೀತಿಯ ಸಂದರ್ಭ ಮತ್ತು ಸ್ಥಿತಿ’ ಅನ್ನುವ ಷರತ್ತನ್ನು ಕಿತ್ತುಹಾಕಿತು. ಅಂದಿನಿಂದ ಹತ್ತಿರದ ಊರಿಗೆ ಜಾಸ್ತಿ ಬಾಡಿಗೆ ಹಾಕಬೇಕಾದರೆ ಕಂಪನಿಯೇ ಮೊದಲು ಆಯೋಗದ ಮುಂದೆ ಹೋಗಿ, ಕಾರಣ ಹೇಳಿ, ಅನುಮತಿ ಪಡೆಯಬೇಕಾಯಿತು. ವಾಬ್ಯಾಶ್ ತೀರ್ಪು ಬಂದು ಅಷ್ಟು ಹೊತ್ತಿಗೆ 24 ವರ್ಷವಾಗಿತ್ತು.